ಗೇರ್ ಹಾಕಿದ ಕೂಡಲೇ ಎಂಜಿನ್ ಆಫ್ ಆಗುತ್ತಿದೆಯಾ? ಗ್ಯಾರೇಜಿಗೆ ಮುಂಚೆ ನೀವೇ ಮಾಡಬಹುದಾದ ಪರೀಕ್ಷೆಗಳು

ನಮ್ಮ ಭಾವನ ಬಳಿ 12 ವರ್ಷ ಹಳೆಯ ಆಟೋಮ್ಯಾಟಿಕ್ ಪೆಟ್ರೋಲ್ ಕಾರಿದೆ. ಹೋದ ಮಳೆಗಾಲದಲ್ಲಿ ಅದಕ್ಕೊಂದು ಚಾಳಿ ಶುರುವಾಯಿತು. ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್. ನಿಂತಲ್ಲೇ ಬೇಕಾದಷ್ಟು ಹೊತ್ತು ಓಡುತ್ತಿತ್ತು. ಬ್ರೇಕ್ ತುಳಿದು ರಿವರ್ಸಿಗೆ ಹಾಕಿದರೆ ಸಾಕು, ಒಮ್ಮೆ ನಡುಗಿ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಗ್ಯಾರೇಜಿನಲ್ಲಿ ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಆಮೇಲೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಕೊನೆಗೆ, ‘ಗೇರ್‌ಬಾಕ್ಸೇ ಬಿಚ್ಚಬೇಕು ಸಾರ್, 80,000 ಹತ್ತಿರ ಆಗುತ್ತೆ’ ಎಂದರು.

ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. ಕಾರಣ ಎಲ್ಲಿತ್ತು ಅನ್ನುವುದನ್ನು ಆಟೋಮ್ಯಾಟಿಕ್ ವಿಷಯ ಬಂದಾಗ ಹೇಳುತ್ತೇನೆ. ಆ ದುಡ್ಡು ಉಳಿದದ್ದು ಮಾತ್ರ ಎರಡು ನಿಮಿಷದ ಒಂದು ಪರೀಕ್ಷೆಯಿಂದ.

ಎತ್ತು ಸೋತಿದೆಯೋ, ಹೇರು ಜಾಸ್ತಿಯೋ?

ಆಕ್ಸಲರೇಟರ್ ಮುಟ್ಟದೆ ಐಡ್ಲಿಂಗಿನಲ್ಲಿ ಬಿಟ್ಟಾಗ, ಬಿಸಿಯಾದ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುತ್ತದೆ. ಆಗ ಅದಕ್ಕೆ ಇರುವುದು ತನ್ನನ್ನು ತಾನು ತಿರುಗಿಸಿಕೊಂಡು, ಆಲ್ಟರ್ನೇಟರ್ ಎಳೆದು, ಎಸಿ ಹಾಕಿದರೆ ಅದನ್ನೂ ಸುಧಾರಿಸುವಷ್ಟು ಕಸುವು ಮಾತ್ರ. ಗೇರ್ ಹಾಕಿದಾಗ ಇನ್ನಷ್ಟು ಭಾರ ಬೀಳುತ್ತದೆ. ಆಗ ಎಂಜಿನ್ ಕಂಪ್ಯೂಟರ್ ಸ್ವಲ್ಪ ಗಾಳಿ, ಸ್ವಲ್ಪ ಪೆಟ್ರೋಲ್ ಜಾಸ್ತಿ ಕೊಟ್ಟು ಸಂಭಾಳಿಸುತ್ತದೆ. ಅಷ್ಟಾದರೂ ಆಫ್ ಆಯಿತು ಎಂದರೆ ಒಂದೋ ಎತ್ತು ಸೋತಿದೆ, ಇಲ್ಲವೇ ಗಾಡಿಗೆ ಹೇರಿದ್ದು ಜಾಸ್ತಿಯಾಗಿದೆ.

ಗಾಳಿ ಸೋರಿಕೆ, ಥ್ರಾಟಲಿನಲ್ಲಿ ಮಸಿ, ಕೆಟ್ಟ ಸೆನ್ಸರ್, ಪೆಟ್ರೋಲ್ ಸಾಲದಿರುವುದು ಇವೆಲ್ಲ ಸೋತ ಎತ್ತಿನ ಲೆಕ್ಕ. ಕ್ಲಚ್ ಬಿಡದೇ ಇರುವುದು, ಆಟೋಮ್ಯಾಟಿಕ್‌ನಲ್ಲಿ ಲಾಕ್‌ಅಪ್ ಎಂಬ ಒಳಗಿನ ಕ್ಲಚ್ ಅಂಟಿಕೊಂಡಿರುವುದು ಜಾಸ್ತಿ ಹೇರಿನ ಲೆಕ್ಕ. ಕೆಳಗಿನ ಪರೀಕ್ಷೆಗಳೆಲ್ಲ ನಿಮ್ಮ ಗಾಡಿ ಯಾವ ಕಡೆ ಎಂದು ತಿಳಿಯುವುದಕ್ಕೇ. ಇದು ಗೊತ್ತಾಗುವ ತನಕ ಒಂದು ಸ್ಪೇರ್ ಪಾರ್ಟನ್ನೂ ಕೊಳ್ಳಬೇಡಿ.

ಬೈಕಿನವರು ಯಾರಾದರೂ ಓದುತ್ತಿದ್ದರೆ: ಫಸ್ಟ್ ಗೇರ್ ಹಾಕಿದ ತಕ್ಷಣ ಆಫ್ ಆಗುತ್ತಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ನೋಡಿ. ಈಚಿನ ಎಷ್ಟೋ ಬೈಕುಗಳು ಸ್ಟ್ಯಾಂಡ್ ಇಳಿದಿದ್ದರೆ ಬೇಕೆಂದೇ ಎಂಜಿನ್ ಆಫ್ ಮಾಡುತ್ತವೆ. ಸ್ಟ್ಯಾಂಡ್ ಮೇಲಿದ್ದರೂ ಆ ಸ್ವಿಚ್ಚಿಗೆ ಕೆಸರು ಮೆತ್ತಿಕೊಂಡಿದ್ದರೆ ಅದೇ ಕಥೆ.

ಶುರು ಮಾಡುವ ಮುನ್ನ

ಸಮತಟ್ಟಾದ ಬಯಲಿನಲ್ಲಿ ಗಾಡಿ ನಿಲ್ಲಿಸಿ. ಬೇಸ್‌ಮೆಂಟಿನಲ್ಲಿ ಬೇಡ, ಮುಚ್ಚಿದ ಜಾಗದಲ್ಲಿ ಎಂಜಿನ್ ಹೊಗೆ ಜೀವಕ್ಕೇ ಅಪಾಯ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಚಕ್ರದ ಹಿಂದೆ ಮುಂದೆ ಇಟ್ಟಿಗೆಯೋ ದಪ್ಪ ಕಲ್ಲೋ ಕೊಡಿ. ಗಾಡಿಯ ಎದುರು, ಹಿಂದೆ ಯಾರೂ ನಿಲ್ಲಬಾರದು. ನೋಡುವವರು ಪಕ್ಕದಿಂದಲೇ ನೋಡಲಿ. ಬಾನೆಟ್ ಎತ್ತುವಾಗ ದುಪ್ಪಟ್ಟಾ, ಟವೆಲ್, ಸಡಿಲ ತೋಳು ಫ್ಯಾನಿನಿಂದ ದೂರ ಇರಲಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರು ಮಾಡುತ್ತದೆ.

ಎಂಜಿನ್ ತಣ್ಣಗಿದ್ದಾಗ ಒಮ್ಮೆ, ಚೆನ್ನಾಗಿ ಬಿಸಿಯಾದ ಮೇಲೆ ಒಮ್ಮೆ, ಎರಡೂ ಸಲ ನೋಡಬೇಕು. ತಣ್ಣಗಿರುವಾಗ ಮಾತ್ರ ಆಫ್ ಆಗುವುದಕ್ಕೂ ಅರ್ಧ ಗಂಟೆ ಓಡಿಸಿದ ಮೇಲೆ ಮಾತ್ರ ಆಫ್ ಆಗುವುದಕ್ಕೂ ಕಾರಣಗಳು ಬೇರೆ.

ಮ್ಯಾನುಯಲ್ ಗಾಡಿ: ಕಾಲು ಎಲ್ಲಿದ್ದಾಗ ಆಫ್ ಆಗುತ್ತದೆ?

ಗ್ಯಾರೇಜಿಗೆ ಹೋಗಿ ‘ಗೇರ್ ಹಾಕಿದ್ರೆ ಆಫ್ ಆಗುತ್ತೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕ್ಲಚ್ ಪೆಡಲ್ ಪೂರ್ತಿ ಒಳಗಿರುವಾಗಲೇ ಆಫ್ ಆಯಿತೋ, ಕಾಲು ಮೇಲೆ ತರುವಾಗಲೋ, ಗಾಡಿ ಓಡುತ್ತಿದ್ದು ನಿಲ್ಲಿಸಲು ಹೋದಾಗಲೋ? ಮೂರಕ್ಕೂ ದಾರಿ ಬೇರೆ ಬೇರೆ.

ಪೆಡಲ್ ಪೂರ್ತಿ ತುಳಿದು ಗೇರ್ ಹಾಕಿದ್ದೀರಿ, ಕಾಲು ಇನ್ನೂ ಎತ್ತಿಲ್ಲ, ಆಗಲೇ ಗಾಡಿ ಜಗ್ಗಿ ಆಫ್ ಆಯಿತು ಅಂದರೆ ಕ್ಲಚ್ ಬಿಡುತ್ತಿಲ್ಲ. ಪೆಡಲ್ ತುಳಿದರೂ ಕ್ಲಚ್ ಪ್ಲೇಟ್ ಎಂಜಿನ್ ಜೊತೆ ತಿರುಗುವ ಫ್ಲೈವೀಲಿಗೆ ಉಜ್ಜಿಕೊಂಡೇ ಇದೆ. ಖಚಿತ ಮಾಡಿಕೊಳ್ಳುವುದು ಹೀಗೆ. ಎಂಜಿನ್ ಆಫ್ ಇರುವಾಗ ಎಲ್ಲಾ ಗೇರ್ ಹಾಕಿ ನೋಡಿ, ಸಲೀಸಾಗಿ ಬೀಳುತ್ತವೆ. ಈಗ ಸ್ಟಾರ್ಟ್ ಮಾಡಿ, ಪೆಡಲ್ ಪೂರ್ತಿ ತುಳಿದು, ಐದು ಸೆಕೆಂಡ್ ಕಾದು, ರಿವರ್ಸ್ ಹಾಕಿ. ಕರಕರ ಎಂದು ಹಲ್ಲು ಕಡಿದ ಸದ್ದು ಬಂದರೆ, ಅಥವಾ ಗೇರ್ ಒಳಗೇ ಹೋಗದಿದ್ದರೆ, ಅನುಮಾನ ನಿಜವಾಯಿತು.

ಕಾರಣ ಹುಡುಕುವಾಗ ಸುಲಭದ್ದರಿಂದ ಶುರು ಮಾಡಿ. ಮೊದಲು ಕೆಳಗೆ ಬಗ್ಗಿ ಮ್ಯಾಟ್ ನೋಡಿ. ನಗಬೇಡಿ. ಹೊಸದಾಗಿ ಹಾಕಿಸಿದ ದಪ್ಪ ಮ್ಯಾಟ್ ಮಡಿಚಿಕೊಂಡು ಪೆಡಲಿನ ಕೆಳಗೆ ಬಂದು, ಪೆಡಲ್ ಕೊನೆಯ ತನಕ ಹೋಗದೇ ಇರುವುದನ್ನು ನಾನೇ ಎರಡು ಸಲ ಕಂಡಿದ್ದೇನೆ. ಆಮೇಲೆ ಪೆಡಲನ್ನು ಕೈಯಿಂದ ಒತ್ತಿ. ಕೇಬಲ್ ಇರುವ ಗಾಡಿಯಲ್ಲಿ ಮೊದಲ ಒಂದೆರಡು ಸೆಂಟಿಮೀಟರ್ ಸಡಿಲ ಇರುವುದು ಮಾಮೂಲಿ, ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಕೇಬಲ್ ಎಳೆದುಕೊಂಡಿದೆ. ಅಡ್ಜಸ್ಟ್ ಮಾಡಿಸಿದರೆ ಸಾಕಾಗಬಹುದು. ಕೇಬಲ್ಲಿನ ಎಳೆಗಳು ಒಂದೊಂದಾಗಿ ಕಿತ್ತು ಬರುತ್ತಿದ್ದರೆ ಮಾತ್ರ ಅಡ್ಜಸ್ಟ್ ಮಾಡಿಸಿ ಪ್ರಯೋಜನವಿಲ್ಲ.

ಹೈಡ್ರಾಲಿಕ್ ಕ್ಲಚ್ ಆದರೆ ಎರಡು ಮೂರು ಸಲ ಬೇಗ ಬೇಗ ಪಂಪ್ ಮಾಡಿ ಗೇರ್ ಹಾಕಿ. ಹಾಗೆ ಮಾಡಿದಾಗ ಸರಿಯಾಗಿ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಫ್ಲೂಯಿಡ್ ಸೋರುತ್ತಿದೆ. ಬಹಳ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಕ್ಲಚ್ಚಿಗೆ ಹೋಗುವ ಕೊಳವೆ ಡಬ್ಬಿಯ ಮೇಲ್ಭಾಗದಲ್ಲಿರುತ್ತದೆ. ಹಾಗಾಗಿ ಫ್ಲೂಯಿಡ್ ಇಳಿದಾಗ ಮೊದಲು ಕೈಕೊಡುವುದು ಕ್ಲಚ್, ಆಮೇಲೆ ಬ್ರೇಕ್. ಅಲ್ಲಿ ಮಟ್ಟ ಇಳಿದಿದ್ದರೆ ಸುಮ್ನೆ ತುಂಬಿಸಿಕೊಂಡು ಹೋಗಬೇಡಿ, ಎಲ್ಲಿ ಹೋಯಿತು ಎಂದು ಕೇಳಿ. ಪೆಡಲಿನ ಬುಡದಲ್ಲಿ ಮ್ಯಾಟ್ ಎತ್ತಿ ಬೆರಳಾಡಿಸಿ. ಜಿಡ್ಡು ಅಂಟಿದರೆ ಪೆಡಲಿಗೆ ಸೇರಿದ ಪಂಪ್, ಅಂದರೆ ಮಾಸ್ಟರ್ ಸಿಲಿಂಡರ್, ಸೋರುತ್ತಿದೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು: ಮಳೆಗಾಲವಿಡೀ ಗಾಡಿ ನಿಂತೇ ಇದ್ದರೆ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಕಚ್ಚಿಕೊಳ್ಳುತ್ತದೆ. ಪೆಡಲ್ ಮೆತ್ತಗೇ ಹೋಗುತ್ತದೆ, ಫ್ಲೂಯಿಡ್ ಸರಿ ಇರುತ್ತದೆ, ಗೇರ್ ಹಾಕಿದರೆ ಮಾತ್ರ ಗಾಡಿ ಎಗರಿ ಆಫ್. ಬಿಡಿಸಲು ನೀವೇ ಸರ್ಕಸ್ ಮಾಡಬೇಡಿ, ಮನೆಗೇ ಮೆಕ್ಯಾನಿಕ್ ಕರೆಸಿ.

ಈಗ ಎರಡನೆಯದು, ಕಾಲು ಮೇಲೆ ತರುವಾಗ ಆಫ್ ಆಗುವುದು. ಹೊಸದಾಗಿ ಕಲಿತವರಾದರೆ ಮೊದಲು ಫಸ್ಟ್ ಬದಲು ಥರ್ಡ್ ಬಿದ್ದಿಲ್ಲ ತಾನೇ ಎಂದು ನೋಡಿಕೊಳ್ಳಿ. ಹಳೇ ಗಾಡಿಯಲ್ಲಿ ಗೇರ್ ಲಿವರಿನ ಬುಷ್ ಸವೆದು ಅನುಭವಿಗಳಿಗೂ ಹೀಗಾಗುತ್ತದೆ. ಅದಲ್ಲವಾದರೆ ಇಟ್ಟಿಗೆ ತೆಗೆದು, ಎಸಿ ಆಫ್ ಮಾಡಿ, ಬಿಸಿ ಎಂಜಿನ್ನಿನಲ್ಲಿ ಆಕ್ಸಲರೇಟರ್ ಮುಟ್ಟದೆ ಫಸ್ಟ್ ಗೇರಿನಲ್ಲಿ ಕ್ಲಚ್ ನಿಧಾನವಾಗಿ, ತುಂಬಾ ನಿಧಾನವಾಗಿ ಬಿಡಿ. ಈಗಿನ ಬಹುತೇಕ ಕಾರುಗಳು ಸಮತಟ್ಟು ನೆಲದಲ್ಲಿ ಇಷ್ಟಕ್ಕೇ ತೆವಳಿಕೊಂಡು ಹೊರಡುತ್ತವೆ. ನಿಮ್ಮದು ಪ್ರತಿ ಸಲ ಸಾಯುತ್ತದೆ, ಆಕ್ಸಲರೇಟರ್ ಮೇಲೆ ಗರಿಯಷ್ಟು ಕಾಲಿಟ್ಟರೆ ಬದುಕುತ್ತದೆ ಎಂದಾದರೆ ಎತ್ತು ಸೋತಿದೆ. ಗಾಳಿಯ ಭಾಗಕ್ಕೆ ಹೋಗಿ.

ಓಡುತ್ತಿದ್ದ ಗಾಡಿ ಸಿಗ್ನಲ್ ಹತ್ತಿರ ಕ್ಲಚ್ ತುಳಿದು ನ್ಯೂಟ್ರಲ್ ಮಾಡಿದಾಗ ಆಫ್ ಆಗುವುದು ಮೂರನೆಯದು. ಇದೂ ಗಾಳಿಯದ್ದೇ ಸಮಸ್ಯೆ, ಅಲ್ಲೇ ನೋಡೋಣ.

ಇವುಗಳ ನಡುವೆ ಜನ ಮರೆಯುವುದು ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಸರೆ. ಎಂಜಿನ್ ಅಡ್ಡಲಾಗಿ ಕೂತಿರುವ ಕಾರಿನಲ್ಲಿ ಫಸ್ಟ್ ಗೇರಿಗೆ ಅದು ಒಂದು ಕಡೆ ವಾಲಿದರೆ ರಿವರ್ಸಿಗೆ ಇನ್ನೊಂದು ಕಡೆ ವಾಲುತ್ತದೆ. ರಬ್ಬರ್ ಹರಿದಿದ್ದರೆ ವಾಲುವುದು ಜಾಸ್ತಿಯಾಗಿ ಯಾವುದೋ ವೈರ್ ಎಳೆದುಕೊಳ್ಳುತ್ತದೆ, ಇಲ್ಲವೇ ಗಾಳಿಯ ಪೈಪಿನ ಬಿರುಕು ಬಾಯಿ ಬಿಡುತ್ತದೆ. ಆದ್ದರಿಂದ ‘ಮುಂದಕ್ಕೆ ಸರಿ, ರಿವರ್ಸಿನಲ್ಲಿ ಮಾತ್ರ ಆಫ್’ ಅಂದರೆ ನನ್ನ ಕಣ್ಣು ಮೊದಲು ಹೋಗುವುದು ಮೌಂಟಿಂಗ್ ಕಡೆಗೆ. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಜೊತೆ ಕಾಲಿನ ಬ್ರೇಕೂ ಒತ್ತಿ, ಎಂಜಿನ್ ಓಡುತ್ತಿರುವಾಗ ರಿವರ್ಸ್ ಹಾಕಿ, ಕ್ಲಚ್ ಒಂದಿಷ್ಟೇ ಬಿಟ್ಟು ತಕ್ಷಣ ತುಳಿಯಿರಿ. ಪಕ್ಕದಲ್ಲಿ ನಿಂತವರು ಎಂಜಿನ್ ನೋಡಲಿ. ಸ್ವಲ್ಪ ಅಲುಗುವುದು ಸಹಜ. ಕತ್ತೆ ಒದ್ದಂತೆ ಎಗರಿದರೆ ಮೌಂಟಿಂಗ್ ಮುಗಿದಿದೆ.

ಗಾಳಿ ಎಲ್ಲಿಂದ ಬರುತ್ತಿದೆ?

ಐಡ್ಲಿಂಗಿನಲ್ಲಿ ಎಂಜಿನ್ನಿಗೆ ಹೋಗುವ ಗಾಳಿ ತೀರಾ ಕಡಿಮೆ. ಥ್ರಾಟಲ್ ಬಾಡಿಯ ಚಿಟ್ಟೆ, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅದರ ಅಂಚಿನ ಕೂದಲೆಳೆ ಸಂದಿಯಲ್ಲಿ ಮಸಿ ಕೂತರೆ ಆ ಗಾಳಿಗೂ ಕುತ್ತು. ಹಳೆಯ ಗಾಡಿಗಳಲ್ಲಿ ಐಡಲ್ ಏರ್ ಕಂಟ್ರೋಲ್ ವಾಲ್ವ್ ಎಂಬ ಸಣ್ಣ ಮೋಟರ್ ಇದನ್ನು ಸಂಭಾಳಿಸುತ್ತಿತ್ತು, ಅದಕ್ಕೂ ಮಸಿಯೇ ಶತ್ರು. ಬಾನೆಟ್ ಎತ್ತಿ, ಎಂಜಿನ್ ಆಫ್ ಮಾಡಿ, ಕೀ ತೆಗೆದಿಟ್ಟು, ಏರ್ ಫಿಲ್ಟರಿನಿಂದ ಬರುವ ದಪ್ಪ ರಬ್ಬರ್ ಪೈಪ್ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಚಿಟ್ಟೆಯ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಗೆರೆ ಕಂಡರೆ ಕ್ಲೀನ್ ಮಾಡಿಸುವ ಕಾಲ ಬಂದಿದೆ. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಚಿಟ್ಟೆಯನ್ನು ಬೆರಳಿನಿಂದ ತಳ್ಳಬೇಡಿ. ಕ್ಲೀನ್ ಆದ ಮೇಲೆ ಆರ್‌ಪಿಎಂ ಏರುಪೇರಾದರೆ ಗಾಬರಿ ಬೇಡ. ಮಸಿಗೆ ಹೊಂದಿಕೊಂಡಿದ್ದ ಕಂಪ್ಯೂಟರಿಗೆ ಐಡ್ಲಿಂಗ್ ಮತ್ತೆ ಕಲಿಸಬೇಕು, ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಯಂತ್ರ) ಹಾಕಿಯೇ ಅದನ್ನು ಮಾಡಬೇಕು.

ಇದಕ್ಕೆ ಉಲ್ಟಾ ಸಮಸ್ಯೆ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುವುದು. ಎಂಜಿನ್ನಿನ ಎಳೆತ ಸಾಗಿಸುವ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರುವುದು, ಸಡಿಲವಾದ ಕ್ಲಿಪ್, ಗಟ್ಟಿಯಾದ ಗ್ಯಾಸ್ಕೆಟ್. ನಮ್ಮಲ್ಲಿ ಇನ್ನೊಬ್ಬ ದೊಡ್ಡ ಆಸಾಮಿ ಇದ್ದಾನೆ: ಇಲಿ. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ಎಂಜಿನ್ ಪೂರ್ತಿ ಜಾಲಾಡಿ ಕೊನೆಗೆ ಸಿಗುವುದು ನಿಜವಾದ ಇಲಿಯ ಹಲ್ಲಿನ ಗುರುತೇ. ಬ್ಯಾಟರಿ ಪಕ್ಕ ಹಿಕ್ಕೆ, ತೆಂಗಿನ ನಾರು, ಚಿಪ್ಸ್ ಪ್ಯಾಕೆಟ್ಟಿನ ಚೂರು ಕಂಡರೆ ಪೈಪು, ವೈರುಗಳನ್ನು ಒಂದೊಂದಾಗಿ ನೋಡಿ.

ಸೋರಿಕೆಯ ಸದ್ದು ಕೇಳಲು ಒಂದು ಮೀಟರ್ ಉದ್ದದ ತೋಟದ ಪೈಪ್ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಪೈಪುಗಳ ಸಂದಿಯ ಹತ್ತಿರ, ಬೆಲ್ಟಿಗೂ ಫ್ಯಾನಿಗೂ ತಾಗದ ಹಾಗೆ. ಸೋರುವ ಕಡೆ ಸುಯ್ಯೆಂದು ಕೇಳುತ್ತದೆ. ಕೆಲವರು ಬಿಸಿ ಎಂಜಿನ್ ಮೇಲೆ ಪೆಟ್ರೋಲೋ ಕ್ಲೀನರ್ ಸ್ಪ್ರೇಯೋ ಹೊಡೆದು ಆರ್‌ಪಿಎಂ ಏರುತ್ತದೆಯಾ ನೋಡುತ್ತಾರೆ. ಬೆಂಕಿಯ ಜೊತೆ ಆಟ ಅದು, ಮಾಡಬೇಡಿ. ಕಿವಿಗೆ ಸಿಗದಿದ್ದರೆ ಗ್ಯಾರೇಜಿನಲ್ಲಿ ಹೊಗೆ ಬಿಟ್ಟು ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿ.

ಸಿಎನ್‌ಜಿ ಕಿಟ್ ಇದ್ದರೆ ಕೆಲಸ ಇನ್ನೂ ಸುಲಭ. ಪೆಟ್ರೋಲಿಗೆ ಬದಲಿಸಿ ಓಡಿಸಿ. ಪೆಟ್ರೋಲಿನಲ್ಲಿ ಸರಿ, ಗ್ಯಾಸಿನಲ್ಲಿ ಆಫ್ ಎಂದಾದರೆ ಕಿಟ್ಟಿನ ಟ್ಯೂನಿಂಗ್, ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ನೋಡಿಸಿ. ಡೀಸೆಲ್ ಗಾಡಿಯಲ್ಲಿ ವ್ಯಾಕ್ಯೂಮಿಗೆ ಬೇರೆ ಪಂಪ್ ಇರುತ್ತದೆ, ಹಾಗಾಗಿ ಮೇಲಿನ ಸೋರಿಕೆ ಕಥೆ ಅಲ್ಲಿಗೆ ಅಷ್ಟಾಗಿ ಅನ್ವಯಿಸದು. ಕ್ಲಚ್ ಸರಿ ಇದ್ದೂ ಆಫ್ ಆದರೆ ಡೀಸೆಲ್ ಫಿಲ್ಟರ್, ಪೈಪಿಗೆ ಗಾಳಿ ಸೇರಿರುವುದು, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಅಂಟಿಕೊಂಡಿರುವುದು, ಈ ಸಾಲಿನಲ್ಲಿ ನೋಡಿಸಿ.

ಆಟೋಮ್ಯಾಟಿಕ್: ಭಾವನ ಗಾಡಿಗೆ ಏನಾಗಿತ್ತು

ಆಟೋಮ್ಯಾಟಿಕ್ ಗಾಡಿಯನ್ನು ಪಾರ್ಕಿನಿಂದ ರಿವರ್ಸಿಗೋ ಡ್ರೈವಿಗೋ ಹಾಕುವ ಮೊದಲು ನೀವೇನು ಮಾಡುತ್ತೀರಿ? ಬ್ರೇಕ್ ತುಳಿಯುತ್ತೀರಿ. ಅಂದರೆ ಗೇರ್ ಮತ್ತು ಬ್ರೇಕ್ ಎರಡೂ ಒಂದೇ ಹೊತ್ತಿಗೆ ಆಗುತ್ತವೆ, ನಾವು ಬೈಯುವುದು ಮಾತ್ರ ಗೇರನ್ನು.

ಪೆಟ್ರೋಲ್ ಕಾರಿನಲ್ಲಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರ್ ಎಂಜಿನ್ನಿನ ಎಳೆತದಿಂದ ಕೆಲಸ ಮಾಡುತ್ತದೆ. ಅದರೊಳಗೆ ರಬ್ಬರಿನ ಪರದೆಯೊಂದಿದೆ. ಪೆಡಲ್ ತುಳಿದಾಗ ಪರದೆಯ ಒಂದು ಬದಿಗೆ ಹೊರಗಿನ ಗಾಳಿ ಬರುತ್ತದೆ. ಪರದೆ ಹರಿದಿದ್ದರೆ ಆ ಗಾಳಿ ಹಾಯ್ದು ನೇರ ಎಂಜಿನ್ನಿಗೇ ಹೋಗುತ್ತದೆ. ಕಾಲೆತ್ತಿದರೆ ಎಲ್ಲಾ ಸರಿ.

ಭಾವನ ಮನೆಯ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಲಿವರನ್ನು ಪಾರ್ಕಿನಲ್ಲೇ ಬಿಟ್ಟು, ಸುಮ್ನೆ ಬ್ರೇಕ್ ಒತ್ತಿ ಹಿಡಿದೆ. ಪೆಡಲಿನ ಬುಡದಲ್ಲಿ ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಸುಸ್ಸ್ ಎಂದಿತು. 800ರಲ್ಲಿದ್ದ ಆರ್‌ಪಿಎಂ ಮುಳ್ಳು 500ಕ್ಕೆ ಇಳಿದು ಗಾಡಿ ನಡುಗತೊಡಗಿತು. ಕಾಲೆತ್ತಿದೆ, ಮತ್ತೆ 800. ಇನ್ನೊಮ್ಮೆ ಒತ್ತಿ ಹತ್ತು ಸೆಕೆಂಡ್ ಹಿಡಿದೆ, ಆಫ್. ಗೇರ್ ಹಾಕಿಯೇ ಇರಲಿಲ್ಲ! ಅಕ್ಕ ಅಡುಗೆಮನೆಯ ಕಿಟಕಿಯಿಂದ, ‘ಗೇರ್‌ಬಾಕ್ಸ್ ಬಿಚ್ಚೋದು ಬೇಡ್ವಂತಾ?’ ಎಂದಳು. ಬೂಸ್ಟರ್ ಬದಲಾಯಿಸಿದ ಮೇಲೆ ಆ ಚಾಳಿ ಹೋಯಿತು.

ನೀವೂ ಇದನ್ನೇ ಮೊದಲು ಮಾಡಿ. ಪಾರ್ಕಿನಲ್ಲಿ ಅರ್ಧ ನಿಮಿಷ ಬ್ರೇಕ್ ಒತ್ತಿ ಹಿಡಿಯಿರಿ, ಕಿವಿ ಪೆಡಲಿನ ಕಡೆ, ಕಣ್ಣು ಮುಳ್ಳಿನ ಕಡೆ. ಕೆಲವು ಗಾಡಿಗಳಲ್ಲಿ ಆರ್‌ಪಿಎಂ ಇಳಿಯುವ ಬದಲು ಏರಲೂಬಹುದು. ಬ್ರೇಕಿಗೆ ತಕ್ಕಂತೆ ಬದಲಾಗುತ್ತದೆಯಾ ಎಂಬುದಷ್ಟೇ ಮುಖ್ಯ. ಎರಡನೇ ಪರೀಕ್ಷೆ: ಎಂಜಿನ್ ಆಫ್ ಮಾಡಿ, ಬ್ರೇಕನ್ನು ಐದಾರು ಸಲ ತುಳಿದು ಗಟ್ಟಿ ಮಾಡಿ, ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಒಂದಿಷ್ಟು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ, ಆ ಗಾಡಿ ರಸ್ತೆಗೆ ತರಬೇಡಿ. ಈ ಬೂಸ್ಟರ್ ಪರೀಕ್ಷೆ ಮ್ಯಾನುಯಲ್ ಪೆಟ್ರೋಲ್ ಗಾಡಿಗೂ ಆಗುತ್ತದೆ. ಸಿಗ್ನಲ್ಲಿನಲ್ಲಿ ನಿಲ್ಲುವಾಗ ಆಫ್ ಆಗುವ ಮೂರನೇ ಗುಂಪಿನವರು ತಪ್ಪದೆ ಮಾಡಿ.

ಬ್ರೇಕ್ ಒತ್ತಿದರೂ ಪಾರ್ಕಿನಲ್ಲಿ ಮುಳ್ಳು ಅಲುಗಲಿಲ್ಲ ಅಂದುಕೊಳ್ಳಿ. ಈಗ ಎಸಿ, ಹೆಡ್‌ಲೈಟ್ ಎಲ್ಲ ಆಫ್ ಮಾಡಿ ಡ್ರೈವಿಗೆ ಹಾಕಿ. ಆರ್‌ಪಿಎಂ ಸ್ವಲ್ಪ ಕುಗ್ಗಿ ಮತ್ತೆ ನೆಲೆಯಾಗುವುದು ಆರೋಗ್ಯದ ಲಕ್ಷಣ. ನಿಧಾನವಾಗಿ ನರಳುತ್ತಾ ಸತ್ತರೆ ಮತ್ತೆ ಗಾಳಿ, ಥ್ರಾಟಲ್ ಕಡೆ ನೋಡಿ. ಗೇರ್ ಬಿದ್ದದ್ದನ್ನು ಎಂಜಿನ್ನಿಗೆ ತಿಳಿಸುವ ನ್ಯೂಟ್ರಲ್ ಸ್ವಿಚ್ ಕೆಟ್ಟರೂ ಹೀಗಾಗುತ್ತದೆ, ಭಾರ ಬರುವುದು ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲ.

ನರಳದೆ, ಕ್ಲಚ್ ತುಳಿಯದೆ ಬ್ರೇಕ್ ಹಾಕಿದ ಮ್ಯಾನುಯಲ್ ಗಾಡಿಯ ಹಾಗೆ ಧಡ್ ಎಂದು ಆಫ್ ಆದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ ಅಂಟಿಕೊಂಡಿರಬಹುದು. ವೇಗವಾಗಿ ಹೋಗುವಾಗ ಮಾತ್ರ ಹಿಡಿಯಬೇಕಾದ ಕ್ಲಚ್ ಅದು. ಹೆದ್ದಾರಿಯಿಂದ ಇಳಿದು ಸಿಗ್ನಲ್ಲಿಗೆ ನಿಲ್ಲಿಸುವಾಗಲೂ ಜಗ್ಗಿ ಆಫ್ ಆಗುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಇದರಲ್ಲೂ ನೇರ ಗೇರ್‌ಬಾಕ್ಸ್ ಬಿಚ್ಚುವುದಕ್ಕೆ ಒಪ್ಪಬೇಡಿ, ಆ ಕ್ಲಚ್ ಹಿಡಿಸಿ ಬಿಡಿಸುವ ವಿದ್ಯುತ್ ವಾಲ್ವ್ (ಸೊಲೆನಾಯ್ಡ್) ಮತ್ತು ಅದರ ವೈರಿಂಗ್ ಮೊದಲು ನೋಡಿಸಿ. ಒಂದು ತಪ್ಪು ಮಾತ್ರ ಮಾಡಬೇಡಿ: ಆಫ್ ಆಗದಿರಲಿ ಎಂದು ಎಂಜಿನ್ ರೇಸ್ ಮಾಡಿಕೊಂಡು ಡ್ರೈವಿಗೆ ಹಾಕುವುದು. ಗೇರ್‌ಬಾಕ್ಸಿಗೂ ಪೆಟ್ಟು, ಗಾಡಿ ನುಗ್ಗುವ ಅಪಾಯವೂ ಉಂಟು.

ಎಎಂಟಿ ಗಾಡಿ ಹೆಸರಿಗಷ್ಟೇ ಆಟೋಮ್ಯಾಟಿಕ್. ಒಳಗಿರುವುದು ಮಾಮೂಲಿ ಕ್ಲಚ್ಚೇ, ತುಳಿಯುವ ಕೆಲಸ ಮೋಟರಿನದ್ದು ಅಥವಾ ಹೈಡ್ರಾಲಿಕ್ಸಿನದ್ದು. ಬ್ಯಾಟರಿ ಸೊರಗಿದ್ದರೆ, ಕ್ಲಚ್ ಪ್ಲೇಟ್ ಬದಲಿಸಿದ ಮೇಲೆ ಹಿಡಿತದ ಜಾಗವನ್ನು ಸ್ಕ್ಯಾನರಿನಿಂದ ಮತ್ತೆ ಕಲಿಸದಿದ್ದರೆ, ಗೇರ್ ಬಿದ್ದಾಗ ಆಫ್ ಆಗುತ್ತದೆ.

ಸ್ಕ್ಯಾನರ್ ಹಾಕಿಸಿದಾಗ

ಭಾರತದಲ್ಲಿ 2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಜೋಡಿಸಿದರೆ ದೋಷದ ಕೋಡ್ ಕಾಣುತ್ತದೆ. ಪಿ0506 ಅಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಕಡಿಮೆ. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪಿ0742 ಅಂದರೆ ಲಾಕ್‌ಅಪ್ ಕ್ಲಚ್ ಹಿಡಿದೇ ಇದೆ. ಕೋಡ್ ಇಲ್ಲದಿದ್ದರೂ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ತೋರಿಸಲು ಕೇಳಿ. ಐಡ್ಲಿಂಗಿನಲ್ಲಿ ಶೇ. 15–20 ಪ್ಲಸ್ ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಗಾಳಿ ಸೋರುತ್ತಿದೆ. ಏರಿಸಿದಾಗಲೂ ಹಾಗೇ ಉಳಿದರೆ ಅಥವಾ ಇನ್ನೂ ಜಾಸ್ತಿಯಾದರೆ ಗಾಡಿಯೊಳಗಿನ ಪೆಟ್ರೋಲ್ ಪಂಪ್, ಫಿಲ್ಟರ್ ನೋಡಿಸಿ. ಎಂಜಿನ್ ಓಡುವಾಗ ಬ್ಯಾಟರಿ ವೋಲ್ಟೇಜ್ ಸುಮಾರು 13.5ರಿಂದ 14.5 ಇರಬೇಕು, ಅದನ್ನೂ ಹಾಗೇ ನೋಡಿಬಿಡಿ.

ಮೆಕ್ಯಾನಿಕ್ ಕೈಗೆ ಕೀ ಜೊತೆ ಒಂದು ಚೀಟಿಯನ್ನೂ ಕೊಡಿ. ಭಾವನ ಗಾಡಿಯದ್ದು ನಾನು ಬರೆದುಕೊಟ್ಟದ್ದು ಇಷ್ಟೇ: ‘ಬಿಸಿ, ತಣ್ಣಗೆ ಎರಡರಲ್ಲೂ. ಎಸಿ ಆಫ್ ಇದ್ದರೂ. ಪಾರ್ಕಿನಲ್ಲಿ ಬ್ರೇಕ್ ಒತ್ತಿದರೆ 800ರಿಂದ 500. ಪೆಡಲ್ ಹತ್ತಿರ ಗಾಳಿ ಸದ್ದು. ಪ್ಲಗ್ ಹೊಸದು, ಥ್ರಾಟಲ್ ಕ್ಲೀನ್ ಆಗಿದೆ.’

ಓಡಿಸಿಕೊಂಡು ಹೋಗಬೇಕಾ, ಎಳೆಸಬೇಕಾ?

ಓಡುವಾಗ ಎಂಜಿನ್ ಆಫ್ ಆದರೆ ಪವರ್ ಸ್ಟೀರಿಂಗ್ ಹೋಗಿ ಚಕ್ರ ಕಲ್ಲಿನಂತಾಗುತ್ತದೆ. ಒಂದೆರಡು ಸಲ ತುಳಿದ ಮೇಲೆ ಬ್ರೇಕೂ ಗಟ್ಟಿ. ಹಾಗಾಗಿ ಬ್ರೇಕ್ ಪರೀಕ್ಷೆಯಲ್ಲಿ ಸೋತ ಗಾಡಿ, ಕ್ಲಚ್ ಪೂರ್ತಿ ಕೈಬಿಟ್ಟ ಗಾಡಿ, ಧಡ್ ಎಂದು ಆಫ್ ಆಗುವ ಆಟೋಮ್ಯಾಟಿಕ್, ಈ ಮೂರನ್ನು ಗ್ಯಾರೇಜ್ ತನಕ ಓಡಿಸಬೇಡಿ, ಎಳೆಸಿ. ಆಟೋಮ್ಯಾಟಿಕ್ ಆದರೆ ಹಗ್ಗ ಕಟ್ಟಿ ಎಳೆಯುವುದೂ ಬೇಡ. ಎಂಜಿನ್ ಆಫ್ ಇದ್ದಾಗ ಗೇರ್‌ಬಾಕ್ಸಿನ ಪಂಪ್ ತಿರುಗುವುದಿಲ್ಲ, ಎಣ್ಣೆ ಸಿಗದೆ ಒಳಗಿನದೆಲ್ಲ ಸುಟ್ಟುಹೋಗುತ್ತದೆ. ಆಗ ನಿಜವಾಗಿಯೂ 80,000 ಬೇಕಾದೀತು. ಎಳೆಯುವ ಗಾಡಿಯವರಿಗೆ ಫೋನ್ ಮಾಡುವಾಗಲೇ ‘ಆಟೋಮ್ಯಾಟಿಕ್, ಫ್ಲ್ಯಾಟ್‌ಬೆಡ್ಡೇ ಕಳಿಸಿ’ ಎಂದು ಹೇಳಿ, ಅಂದರೆ ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಲಾರಿ.